ಆತನ ಡಬ್ಬಿಯ ಕಾರ್ಡು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಓದು, ಅಡುಗೆ ಎಲ್ಲ ವಿಚಾರಿಸುವುದಕ್ಕಿಂತ ಮೊದಲು, ಈ ವರ್ಷ ಆಕೆಗೆ ಬಂದ ಕಾರ್ಡು ಯಾವುದು ಎಂದು ಕೇಳುತ್ತಾರೆ. ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯವರೆಲ್ಲ ಸಾಲಾಗಿ ನಿಂತು, ದೇವಾಲಯದ ಮುಂದಿಟ್ಟ ಮರದ ಪೆಟ್ಟಿಗೆಗೆ ಕೈ ಹಾಕಿ ಒಂದೊಂದು ಕಾರ್ಡು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಪ್ರವಾದಿಗಳೂ ಕೀರ್ತನೆಕಾರರೂ ಹೇಳಿದ ಒಂದು ವಾಗ್ದಾನ ಇರುತ್ತದೆ. ಅದು ಡಿಸೆಂಬರ್ ಮುಗಿಯುವುದರೊಳಗೆ ನಡೆದೇ ನಡೆಯುತ್ತದೆ. ಹೇಗೆ ನಡೆಯುತ್ತದೆಂದು ಮಾತ್ರ ಮೊದಲೇ ಯಾರಿಗೂ ತಿಳಿಯುವುದಿಲ್ಲ. ಓದುವುದು ಜನವರಿಯಲ್ಲಿ, ಅರ್ಥವಾಗುವುದು ಡಿಸೆಂಬರಿನಲ್ಲಿ.

ನಾನು ಮದುವೆಯಾಗಿ ಬಂದ ವರ್ಷ ನನ್ನ ಗಂಡ ಜಯಶೀಲರಿಗೆ, ನಿನ್ನ ಬಟ್ಟಲು ತುಂಬಿ ಹೊರಚೆಲ್ಲುವುದು ಎಂದು ಬಂದಿತ್ತು. ಅವರು ಬ್ರೆಡ್ಡಿನ ಬೇಕರಿಯಲ್ಲಿ ಕೆಲಸಕ್ಕಿದ್ದಾರೆ, ಸಂಬಳ ಹೆಚ್ಚಬಹುದೆಂದು ಖುಷಿಪಟ್ಟೆವು. ಅದರ ಬದಲು ಹನ್ನೆರಡು ತಿಂಗಳು ನಮ್ಮ ಮನೆಯ ಯಾವ ಪಾತ್ರೆಯಲ್ಲಿ ಏನು ಹಾಕಿದರೂ ಅದು ಉಕ್ಕಿ ಹೊರಗೆ ಬರುತ್ತಿತ್ತು. ಹೊಸ ಮದುಮಗಳು ನಾನು, ಬೆಳಗಿನಿಂದ ಸಂಜೆಯವರೆಗೆ ನೆಲ ಒರೆಸುವುದೇ ಕೆಲಸ. ಬೇಸಿಗೆಯಲ್ಲಿ ಓಣಿಯವರೆಲ್ಲ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದಾಗಲೇ ಅದು ಆಶೀರ್ವಾದವೆಂದು ನನಗೆ ಹೊಳೆದದ್ದು. ಎದುರುಮನೆಯ ಅಮೃತಪ್ಪನಿಗೆ, ವೈರಿಗಳ ಕಣ್ಣೆದುರಿಗೇ ನಿನಗೆ ಊಟ ಬಡಿಸುವೆನು ಎಂದು ಬಂತು. ಅವನು ತಟ್ಟೆಯ ಮುಂದೆ ಕೂತ ತಕ್ಷಣ, ಗೋಡೆಯ ವಿಷಯಕ್ಕೆ ಅವನ ಮೇಲೆ ದಾವೆ ಹಾಕಿದ್ದ ಭಾವಮೈದುನ ಯಾವುದೋ ನೆಪದಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಎಷ್ಟು ದಿನ ಒಬ್ಬನೇ ತಿನ್ನುವುದು? ಆಗಸ್ಟ್ ಹೊತ್ತಿಗೆ ಅವನಿಗೂ ಒಂದು ತಟ್ಟೆ ಇಟ್ಟರು. ದೀಪಾವಳಿಗೆ ದಾವೆ ವಾಪಸಾಯಿತು.

ಆದರೆ ಎಲ್ಲ ಮಾತುಗಳೂ ಆ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಬರಲಿದ್ದ ರಕ್ಷಕನ ಬಗ್ಗೆ ಪ್ರವಾದಿಗಳು ಹೇಳಿಟ್ಟ ಮಾತುಗಳನ್ನು ಬೇರೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತೇವೆ. ಅದಕ್ಕೆ ಊರಿನಲ್ಲಿ ಆತನ ಡಬ್ಬಿ ಎನ್ನುತ್ತಾರೆ. ಕತ್ತೆಯ ಮರಿಯ ಮೇಲೆ ಬರುವ ಅರಸ, ಸಣ್ಣ ಊರಿನಲ್ಲಿ ಹುಟ್ಟುವ ದೊರೆ, ವಧೆಗೆ ಹೋದರೂ ಬಾಯಿ ತೆರೆಯದ ಕುರಿಮರಿ, ಹೀಗೆ ನಲವತ್ತನಾಲ್ಕು ಕಾರ್ಡುಗಳು. ಅವು ಆತನಿಗೆ ಸೇರಿದವು, ಯಾರೂ ಎತ್ತುವಂತಿಲ್ಲ. ಅಜ್ಜಂದಿರ ಕಾಲದಲ್ಲಿ ಈ ನಿಯಮ ಇರಲಿಲ್ಲವಂತೆ. ಆಗ ಗಾರೆ ಕೆಲಸದ ಚಿನ್ನಪ್ಪ ಎಂಬವನಿಗೆ, ಮನೆ ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲೇ ಮೂಲೆಗಲ್ಲಾಯಿತು ಎಂಬ ಮಾತು ಬಂತು. ಹನ್ನೊಂದು ತಿಂಗಳು ಒಬ್ಬ ಮೇಸ್ತ್ರಿಯೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಹನ್ನೆರಡನೆಯ ತಿಂಗಳು ಅವನೇ ಎಲ್ಲ ಮೇಸ್ತ್ರಿಗಳ ಮುಖ್ಯಸ್ಥನಾದ. ಆದರೆ ಅಷ್ಟರಲ್ಲಿ ಮನುಷ್ಯ ಅರ್ಧ ಆಗಿದ್ದ. ಆತನ ಮಾತುಗಳಲ್ಲಿ ಮಹಿಮೆ ಇದ್ದೇ ಇದೆ, ಅದಕ್ಕೆ ಮುಂಚೆ ಬರುವ ನೋವನ್ನು ನಾವು ತಾಳಲಾರೆವು ಎಂದು ಆಗಿನ ಸಭಾಪಾಲಕರು ಡಬ್ಬಿ ಬೇರೆ ಮಾಡಿಸಿದರು.

ಯಾವ ಮಾತು ಆತನದು, ಯಾವುದು ಎಲ್ಲರದು ಎಂದು ತೀರ್ಮಾನಿಸುವ ಸಮಿತಿ ಪ್ರತಿ ಡಿಸೆಂಬರ್ ನಮ್ಮ ಮನೆಯಲ್ಲಿ ಸೇರುತ್ತದೆ. ಹಳೆಯ ಮದುವೆ ಆಮಂತ್ರಣದ ಕಾಗದಗಳನ್ನು ಕತ್ತರಿಸಿ, ಸವೆದ ಕಾರ್ಡುಗಳನ್ನು ಹೊಸದಾಗಿ ಬರೆಯುವ ಕೆಲಸ ನನ್ನದು. ಕಾರ್ಡು ಚಿಕ್ಕದು, ಹಾಗಾಗಿ ಮಾತನ್ನು ನಮ್ಮ ಆಡುನುಡಿಗೆ ಇಳಿಸಿ ಚಿಕ್ಕದಾಗಿಯೇ ಬರೆಯುತ್ತೇನೆ. ಸಮಿತಿಯಲ್ಲಿ ಮುಖ್ಯರು ಇಬ್ಬರು. ಹೆಂಚಿನ ಕಾರ್ಖಾನೆಯಿಂದ ನಿವೃತ್ತರಾದ ದೇವಪುತ್ರಪ್ಪಜ್ಜ, ಚರಿತ್ರೆ ಕಲಿಸಿ ನಿವೃತ್ತರಾದ ಎಸ್ತೇರಮ್ಮ ಟೀಚರ್. ಅಜ್ಜನಿಗೆ ಪ್ರವಾದಿಗಳ ಒಂದೊಂದು ಅಕ್ಷರವೂ ರಕ್ಷಕನ ಬಗ್ಗೆಯೇ. ಕಳೆದ ವರ್ಷ ಅವರು ನೋಹನ ನಾವೆಯ ಕಿಟಕಿಯನ್ನೂ ಆತನ ಡಬ್ಬಿಗೆ ಸೇರಿಸಬೇಕೆಂದು ಹಟ ಹಿಡಿದರು.

“ಅಜ್ಜಾರ, ಹಿಂಗ ಎಲ್ಲಾ ಆ ಡಬ್ಬಿಗೆ ಹಾಕಿದ್ರ ಪೆಟ್ಟಿಗ್ಯಾಗ ನಮಗ ಏನ್ ಉಳೀತೈತ್ರಿ?” ಎಂದರು ಟೀಚರ್.

“ಉಳಿಯೂದ್ ಯಾಕ ಬೇಕು? ನೀವೇನ್ ಪೆಟ್ಟಿಗಿ ನೋಡಿ ನಂಬೀರೇನು?”

“ಯೆಶಾಯ ಪ್ರವಾದಿ ಮೊದಲ ತನ್ನ ಮಂದಿಗೆ ಹೇಳ್ಯಾನ್ರಿ. ಅವರೂ ಸೆರಿ ಸಿಕ್ಕಿದ್ರು, ಅವರೂ ಅಳತಿದ್ರು. ಏಳ್ನೂರು ವರ್ಷ ಆದ ಮ್ಯಾಲ ಒಬ್ಬಾಂವ ಬರ್ತಾನ, ಅಲ್ಲೀಮಟ ಸುಮ್ಕಿರ್ರಿ ಅಂತ ಹೇಳಿದ್ರ ಅವರಿಗೇನ್ ಸಮಾಧಾನ? ಮಾತು ಅವರಿಗೂ ನಡೀತು. ಪೂರಾ ತುಂಬಿದ್ದು ಆತನೊಳಗ.”

“ಅಂದ್ರ ಮೊದಲ ಅರ್ಧ ತುಂಬಿತ್ತು?”

“ಹೂಂ.”

“ಅರ್ಧ ತುಂಬಿದ ಪ್ರವಾದನೆ! ಏ ಲುದಿಯವ್ವಾ, ಕೇಳಿದೇನು? ಟೀಚರಿಗೆ ಒಂದ ಕಪ್ ಅರ್ಧ ಚಹಾ ಕೊಡು,” ಎಂದು ಅಜ್ಜ ನನ್ನ ಕಡೆಗೆ ತಿರುಗಿದರು.

ಇದೆಲ್ಲ ನಡೆಯುವಾಗ ನಾನು ಶೇಂಗಾದುಂಡಿ ಕಟ್ಟುತ್ತಿದ್ದೆ. ಕ್ರಿಸ್ಮಸ್ಸಿಗೆ ಇನ್ನು ನಾಲ್ಕು ದಿನ. ಪಾಕ ಆರುವ ಮೊದಲು ಉಂಡಿ ಕಟ್ಟಬೇಕು, ಅದರ ನಡುವೆ ಬರೆದ ಕಾರ್ಡು ಆರಿಸಬೇಕು, ಅದರ ನಡುವೆ ಮಗಳು ತಬಿತಾಳ ಲಂಗದ ಅಂಚು ಮಡಿಸಬೇಕು. ಶುಭ ಶುಕ್ರವಾರದ ದಿನ ಓದಲೆಂದು ಮಕ್ಕಳು ಕೈಯಲ್ಲಿ ಹಿಡಿದು ಹಿಡಿದು ಬೆವರಿಗೆ ಅಳಿಸಿಹೋಗಿದ್ದ ಆತನ ಡಬ್ಬಿಯ ಒಂದು ಕಾರ್ಡನ್ನು ನಾನು ಅಂದು ಹೊಸದಾಗಿ ಬರೆದಿದ್ದೆ. ಸಂಜೆ ಆತನ ಡಬ್ಬಿ ಎಣಿಸಿದಾಗ ನಲವತ್ಮೂರೇ ಇದ್ದವು. ಆದರೆ ದೇವಪುತ್ರಪ್ಪಜ್ಜ ಧ್ಯಾನಕ್ಕೆಂದು ಸದಾ ಒಂದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಾರೆ, ಅದೂ ಅವರಲ್ಲೇ ಇರಬೇಕೆಂದು ಮುಚ್ಚಳ ಒತ್ತಿದೆ. ಹಾಲು ಬೇರೆ ಒಲೆಯ ಮೇಲಿತ್ತು.

ಹೊಸ ವರ್ಷದ ಬೆಳಿಗ್ಗೆ ತಬಿತಾ ಹೊಸ ಲಂಗ ಹಾಕಿಕೊಂಡು ಸಾಲಿನಲ್ಲಿ ನಿಂತಳು. ಅವಳಿಗೆ ಆಗ ಒಂಬತ್ತು ವರ್ಷ. ಕಾರ್ಡು ಎತ್ತಿದವರು ಅದನ್ನು ಗಟ್ಟಿಯಾಗಿ ಓದಬೇಕು. ಅವಳಿಗಿಂತ ಮುಂದಿದ್ದ ಅವಳ ಗೆಳತಿ ಸಲೋಮಿಗೆ, ಎಸ್ತೇರಮ್ಮ ಟೀಚರ ಮೊಮ್ಮಗಳಿಗೆ, ನೀನು ಬಾಲವಾಗದೆ ತಲೆಯಾಗುವೆ ಎಂದು ಬಂತು. ಎಲ್ಲರೂ ಬಯಸುವ ಕಾರ್ಡು ಅದು. ಅದು ಬಂದವರು ವರ್ಷವಿಡೀ ಎಲ್ಲ ಸಾಲಿನಲ್ಲೂ ಮೊದಲಿಗರಾಗುತ್ತಾರೆ, ಹಲ್ಲಿನ ಡಾಕ್ಟರ ಮುಂದಿನ ಸಾಲಿನಲ್ಲೂ. ಎಲ್ಲರೂ ಚಪ್ಪಾಳೆ ತಟ್ಟಿದರು. ನಂತರ ತಬಿತಾ ಓದಿದಳು.

“ಜನ ಅವನನ್ನು ತಳ್ಳಿಹಾಕಿದರು. ನೋವು ಅವನ ನೆರೆಮನೆಯಂತೆ ಹತ್ತಿರವಿತ್ತು. ಅವನನ್ನು ಕಂಡವರು ಮುಖ ತಿರುಗಿಸಿಕೊಂಡರು.”

ಚಪ್ಪಾಳೆಗೆ ಎತ್ತಿದ ಕೈಗಳು ಕೆಳಗಿಳಿದವು. ಅದು ನಾನೇ ಬರೆದ ಕಾರ್ಡು. ಪ್ರವಾದಿ ಯೆಶಾಯನು ನರಳುವ ಸೇವಕನ ಬಗ್ಗೆ ಹಾಡಿದ ಹಾಡಿನದು. ಆ ಹಾಡಿನ ಮುಂದಿನ ಸಾಲುಗಳೂ ನನಗೆ ಬಾಯಿಪಾಠ. ಅವನ್ನು ಇಲ್ಲಿ ಬರೆಯಲು ಇಂದಿಗೂ ನನ್ನ ಕೈ ಏಳುವುದಿಲ್ಲ.

“ಅವ್ವಾ, ನಂಗ ಆತನ ಕಾರ್ಡ್ ಬಂತು!” ಎಂದು ತಬಿತಾ ಕುಣಿದಳು. ಅವಳಿಗೆ ದೊಡ್ಡವರ ಮನೆಯ ಅಂಗಿ ಸಿಕ್ಕಷ್ಟು ಸಂತೋಷ.

ನಾನು ಎಲ್ಲರ ಮುಂದೆ ಎದ್ದು ನಿಂತು ಹೇಳಿದೆ, ಡಬ್ಬಿ ನನ್ನ ಕೈಯಲ್ಲಿತ್ತು, ತಪ್ಪು ನನ್ನದು, ಆ ಕಾರ್ಡು ನನಗೆ ಕೊಡಿ ಎಂದು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಬಂದು ಒಂದು ವರ್ಷವೂ ಆಗಿರಲಿಲ್ಲ. ತಮ್ಮ ಪಂಚಾಂಗದಷ್ಟು ದಪ್ಪದ ನಿಯಮದ ಪುಸ್ತಕ ತಿರುವಿ ತಿರುವಿ ನೋಡಿದರು. ಎತ್ತಿದ ಕಾರ್ಡನ್ನು ಬದಲಿಸುವಂತಿಲ್ಲ ಎಂದೇ ಇತ್ತು.

ಮರುದಿನದಿಂದ ನಾನು ಮನೆಮನೆ ತಿರುಗಿದೆ. ದೇವಪುತ್ರಪ್ಪಜ್ಜ ಅಂಗಳದಲ್ಲಿ ಬಿಸಿಲು ಕಾಯುತ್ತಿದ್ದರು.

“ಅಂಜಬ್ಯಾಡ ಲುದಿಯವ್ವಾ. ಆ ಮಾತು ನೆರವೇರಿ ಮುಗದೈತಿ. ಠಸ್ಸೆ ಬಿದ್ದ ಅಂಚೆಚೀಟಿ ಅದು. ಇನ್ನೊಂದ್ ಪಾಕೀಟಿಗೆ ಹಚ್ಚಿದ್ರ ನಡಿಯಂಗಿಲ್ಲ.”

“ಮತ್ತ ಚಿನ್ನಪ್ಪಗ ಯಾಕ ನಡೀತ್ರಿ ಅಜ್ಜಾರ?”

ಅಜ್ಜ ಕೋಲೂರಿ ಬಿಸಿಲಿಗೆ ಬೆನ್ನು ತಿರುಗಿಸಿದರು. “ಆಗ ಅಂಚಿ ಇಲಾಖೆ ಸರಿ ಇರಲಿಲ್ಲ,” ಎಂದರು.

ಎಸ್ತೇರಮ್ಮ ಟೀಚರ್ ನನ್ನನ್ನು ಒಳಗೆ ಕರೆದು ಕೂರಿಸಿದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೇ ಕಷ್ಟ. “ಆ ಹಾಡು ಮೊದಲ ಒಂದು ಇಡೀ ಜನಾಂಗದ ನೋವಿನ ಬಗ್ಗೆ ಹಾಡ್ಯಾರ ಅಂತ ಓದೀನಿ. ಆಮ್ಯಾಲ ಆತ ಬಂದು ಅದನ್ನ ಪೂರಾ ಮಾಡಿದ. ಶಿಷ್ಯರಿಗೂ ಮೊದಲ ಏನೂ ತಿಳಿದಿದ್ದಿಲ್ಲ ಲುದಿಯಾ. ಎಲ್ಲಾ ಮುಗದ ಮ್ಯಾಲ ಹಿಂದ ತಿರುಗಿ ಓದಿ, ಅಯ್ಯ ಇದು ಆತಂದ ಅಂದ್ರು. ನಾವೂ ಡಿಸೆಂಬರ್ ತನಕ ಕಾಯಬೇಕು.”

“ನಾ ಅವ್ವ ಅದೀನ್ರಿ ಟೀಚರ್. ಡಿಸೆಂಬರ್ ತನಕ ಹ್ಯಾಂಗ ಕಾಯಲಿ?”

ಅಯ್ಯನವರ ಮನೆಗೆ ಹೋದಾಗ ಅವರು ಚಹಾ ಮಾಡಲು ಹೋಗಿ ಸಕ್ಕರೆಯ ಬದಲು ಉಪ್ಪು ಹಾಕಿದರು. “ನಂಗೂ ಅಂಜಿಕಿ ಆಗೇತ್ರಿ ಅಕ್ಕಾರ,” ಎಂದರು. ಇಬ್ಬರೂ ಆ ಚಹಾ ಪೂರ್ತಿ ಕುಡಿದೆವು. ರುಚಿ ಇಬ್ಬರಿಗೂ ತಿಳಿಯಲಿಲ್ಲ.

ಉಪಾಯ ಹೊಳೆದದ್ದು ಸಭೆಯ ಹೆಂಗಸರಿಗೆ. ಜನ ತಳ್ಳಿಹಾಕಿದರು ಎಂದು ತಾನೇ ಕಾರ್ಡಿನಲ್ಲಿದೆ? ನಾವು ತಳ್ಳದೇ ಇದ್ದರಾಯಿತು. ಇಡೀ ಊರು ಸೇರಿ ಆ ಹುಡುಗಿಯನ್ನು ಪ್ರೀತಿಸಿಬಿಡೋಣ, ಮಾತು ಒಳಗೆ ಬರಲು ಸಂದೇ ಇರಬಾರದು ಎಂದು ನಿಶ್ಚಯವಾಯಿತು. ಜನವರಿ ಎರಡನೆಯ ವಾರದಿಂದ ನಮ್ಮ ಮನೆಗೆ ಚಕ್ಕುಲಿ, ಕರ್ಜಿಕಾಯಿ, ರಿಬ್ಬನ್ನು, ಕಂಪಾಸು ಪೆಟ್ಟಿಗೆ ಬರತೊಡಗಿದವು. ತಬಿತಾ ಬೀದಿಗೆ ಬಂದರೆ ಎರಡೂ ಕಡೆಯ ಕಟ್ಟೆಗಳಿಂದ “ಬಾ ನನ್ನ ಬಂಗಾರ” ಎಂದು ಕೂಗು. ಯಾರೂ ಮುಖ ತಿರುಗಿಸುವಂತಿಲ್ಲವಲ್ಲ, ಕಿರಾಣಿ ಅಂಗಡಿಯವನು ತೂಕ ಮಾಡುವುದನ್ನೂ ಬಿಟ್ಟು ಅವಳು ತಿರುವು ದಾಟುವ ತನಕ ಅವಳನ್ನೇ ನೋಡುತ್ತ ನಗುತ್ತಿದ್ದ. ಖೊ ಖೊ ಆಟದಲ್ಲಿ ಅವಳಿಗೆ ಓಡಲು ಬರುವುದಿಲ್ಲ, ಆದರೂ ಅವಳೇ ನಾಯಕಿ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಅರ್ಧ ಮರೆತರೂ ಮೊದಲ ಬಹುಮಾನ. ಸಲೋಮಿಗೆ ತಲೆಯಾಗುವೆ ಎಂಬ ಕಾರ್ಡು ಇತ್ತಲ್ಲ, ಅವಳು ಸಾಲಿನಲ್ಲಿ ಮೊದಲು ಬಂದು ನಿಲ್ಲುತ್ತಿದ್ದಳು. ಆದರೆ ಬಹುಮಾನ ಹಿಂದಿನವಳಿಗೆ ಹೋಗುತ್ತಿತ್ತು.

ನಾನೂ ಸಂತೋಷಪಟ್ಟೆ, ಸುಳ್ಳೇಕೆ ಹೇಳಲಿ. ಮಗಳು ಸೀನಿದರೆ ನಾನು ಹಣೆ ಮುಟ್ಟಿ ನೋಡುವುದರೊಳಗೆ ಮೂರು ಮನೆಯವರು ಕಷಾಯ ತರುತ್ತಿದ್ದರು.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಂದು ಮಧ್ಯಾಹ್ನ ಮಗಳಿಗೆ ಊಟದ ಡಬ್ಬಿ ಕೊಡಲು ಹೋದೆ. ಮಕ್ಕಳೆಲ್ಲ ಬೇವಿನ ಮರದ ಕೆಳಗೆ ಆಡುತ್ತಿದ್ದರು. ತಬಿತಾ ಒಬ್ಬಳೇ ನೀರಿನ ಟ್ಯಾಂಕಿನ ಹಿಂದೆ ಕುಳಿತು, ಯಾರೋ ಕೊಟ್ಟ ಪೇಡೆಯನ್ನು ಇರುವೆಗಳಿಗೆ ಮುರಿದು ಹಾಕುತ್ತಿದ್ದಳು.

“ಯಾಕ ತಬೀ, ಆಟಕ್ಕ ಹೋಗಲಿಲ್ಲ?”

“ಯಾರೂ ಕರ್ಕೊಳ್ಳವಲ್ರವ್ವಾ. ನನ್ನ ಔಟ್ ಮಾಡಿದ್ರ ಅವರವ್ವ ಬೈತಾಳಂತ. ನಾ ಇದ್ರ ಆಟನ ಆಗಂಗಿಲ್ಲ ಅಂತಾರ. ಸಲೋಮಿ ನನ್ನ ಕಂಡ್ರ ಹಿಂಗ ಮಾಡ್ತಾಳ,” ಎಂದು ಕತ್ತು ಪೂರ್ತಿ ಆ ಕಡೆಗೆ ತಿರುಗಿಸಿ ತೋರಿಸಿದಳು.

ನಾನು ಟ್ಯಾಂಕಿಗೆ ಒರಗಿ ನಿಂತೆ. ತಳ್ಳಿಹಾಕಿದರು, ಮುಖ ತಿರುಗಿಸಿಕೊಂಡರು. ಕಾರ್ಡಿನ ಎರಡು ಮಾತು ನಡೆದುಹೋಗಿದ್ದವು. ನಡೆಸಿದವರು ನಾವೇ, ಪೇಡೆ ಕೊಟ್ಟು ಕೊಟ್ಟು.

ಮುಂದಿನ ಭಾನುವಾರ ಪ್ರಕಟಣೆಗಳ ಹೊತ್ತಿನಲ್ಲಿ ಎದ್ದು ನಿಂತೆ. “ನಿಮ್ಮ ಪ್ರೀತಿ ದೊಡ್ಡದು. ಆದ್ರ ಇನ್ನ ಮ್ಯಾಲ ನನ್ನ ಮಗಳಿಗೆ ಯಾರೂ ಏನೂ ಕೊಡಬ್ಯಾಡ್ರಿ. ತಪ್ಪು ಮಾಡಿದ್ರ ಬೈರಿ. ಓಡಾಕ ಬರಲಿಲ್ಲಂದ್ರ ಔಟ್ ಮಾಡ್ರಿ.”

ಬೈಯುವುದು ಅಷ್ಟು ಸುಲಭವಲ್ಲ, ರೂಢಿ ತಪ್ಪಿಹೋಗಿತ್ತು. ಮೊದಲು ಬೈಯುವ ಹೊಣೆ ಹೊತ್ತವರು ದೇವಪುತ್ರಪ್ಪಜ್ಜ. ಆರಾಧನೆ ಮುಗಿದ ಮೇಲೆ ತಬಿತಾ ಅವರ ಕಾಲು ತುಳಿದು ಓಡಿದಳು. ಅಜ್ಜ ಕೋಲೆತ್ತಿ, “ಏ ತಬಿತಾ!” ಎಂದು ಗುಡುಗಿದರು. ಎಲ್ಲರೂ ಅತ್ತ ತಿರುಗಿದೆವು. “ಸ್ವಲ್ಪ… ಸಾವಕಾಶ ಓಡಬೇಕವ್ವಾ, ಬಿದ್ದಿ,” ಎಂದು ಕಿಸೆಯಿಂದ ಪೆಪ್ಪರಮಿಂಟು ತೆಗೆದು ಕೊಟ್ಟುಬಿಟ್ಟರು. “ಅಜ್ಜಾರ!” ಎಂದು ನಾನು ಕೂಗಿದೆ. “ಖಾರದ್ದು ಲುದಿಯವ್ವಾ, ಅದು ಖಾರದ್ದು,” ಎಂದು ಅವರು ಜಾರಿಕೊಂಡರು. ಹೀಗೆ ಕಲಿಯುತ್ತ ಕಲಿಯುತ್ತ ಆಗಸ್ಟಿಗೆ ಊರು ಸರಿಯಾಗಿ ಬೈಯಲು ಕಲಿಯಿತು. ಆದರೆ ಮಕ್ಕಳ ಸಿಟ್ಟು ಇಳಿಯಲಿಲ್ಲ. ಸಲೋಮಿಯ ಕತ್ತು ಆ ಕಡೆಯೇ ಇತ್ತು.

ಸೆಪ್ಟೆಂಬರಿನಲ್ಲಿ ಉಳಿದ ಮೂರನೆಯ ಮಾತು, ನೋವಿನದು, ಬಂತು. ಬೆಳಿಗ್ಗೆ ಎದ್ದ ತಬಿತಾಳ ಒಂದು ಕೆನ್ನೆ ಬನ್ನಿನಂತೆ ಊದಿತ್ತು, ಸಂಜೆಗೆ ಎರಡೂ. ಮಂಗನಬಾವು ಎಂದರು ಡಾಕ್ಟರು, ಹತ್ತು ದಿನದಲ್ಲಿ ಇಳಿಯುತ್ತದೆ, ಮನೆಯಲ್ಲೇ ಇರಲಿ, ಬೇರೆ ಮಕ್ಕಳು ಹತ್ತಿರ ಬರಬಾರದು ಎಂದರು. ಬೇರೆ ತಾಯಿಗಾದರೆ ಅಷ್ಟು ಸಾಕಿತ್ತು. ನನಗೆ ಆ ಹಾಡಿನ ಮುಂದಿನ ಸಾಲುಗಳು ಗೊತ್ತಿದ್ದವಲ್ಲ. ಒಂದೊಂದು ಗಂಟೆಗೂ ಜ್ವರ ಮುಟ್ಟಿ ನೋಡುತ್ತಿದ್ದೆ. ಗಂಜಿ ಕುದಿಯುವಾಗ ಒಲೆಯ ಮುಂದೆ ನಿಂತು, ಇದು ನಿನ್ನದು, ನೀನೇ ಇಟ್ಟುಕೋ, ನನ್ನ ಮಗಳದ್ದಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಅದು ಪ್ರಾರ್ಥನೆಯೋ ಜಗಳವೋ ನನಗೂ ತಿಳಿಯದು.

ಐದನೆಯ ದಿನ ಮಧ್ಯಾಹ್ನ. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ, ಅದರ ಮೇಲೆ ಬಿಸಿನೀರಿನ ಬಟ್ಟೆ ಹಾಕಿದೆ. ತಬಿತಾ ತನ್ನ ಕಾರ್ಡನ್ನು ಕೆನ್ನೆಗೂ ಬಟ್ಟೆಗೂ ನಡುವೆ ಇಟ್ಟುಕೊಂಡಿದ್ದಳು. ಬೇಡವೆಂದರೆ ಕೇಳಲಿಲ್ಲ.

“ಆತಂಗೂ ನೋವಾಗಿತ್ತಲ್ಲವ್ವಾ. ಹಿಡ್ಕೊಂಡ್ರ ಕಡಿಮಿ ಅನಸ್ತೈತಿ.”

ನಾನು ಗಂಜಿ ತರಲು ಒಳಗೆ ಹೋದೆ. ಸೌಟು ಕೈಯಲ್ಲಿದ್ದಾಗಲೇ ಕೂಗು ಕೇಳಿತು.

“ಅವ್ವಾ! ಬಾ ಇಲ್ಲಿ! ನನ್ನ ಕಾರ್ಡ್ ಮರಿ ಹಾಕೇತಿ!”

ಓಡಿಬಂದೆ. ಅವಳ ಕೈಯಲ್ಲಿ ಎರಡು ಕಾರ್ಡುಗಳಿದ್ದವು. ಶಾಖಕ್ಕೂ ಹಬೆಗೂ ಒಂದರಿಂದ ಇನ್ನೊಂದು ಜಾರಿ ಬಿಟ್ಟುಕೊಂಡಿತ್ತು. ಮೇಲಿನದು ಎಲ್ಲರೂ ಬಲ್ಲದ್ದು. ಅದರ ಕೆಳಗೆ, ಎಂಟು ತಿಂಗಳು ಯಾರ ಕಣ್ಣಿಗೂ ಬೀಳದೆ ಅಂಟಿಕೊಂಡಿದ್ದದ್ದು ಪೆಟ್ಟಿಗೆಯ ಮಾಮೂಲಿ ಕಾರ್ಡು, ನನ್ನದೇ ಅಕ್ಷರ: ತಾಯಿ ಮಗುವನ್ನು ಸಂತೈಸುವಂತೆ ನಾನು ನಿನ್ನನ್ನು ಸಂತೈಸುವೆನು.

ಮದುವೆ ಕಾಗದಗಳು ಕೆಲವು ತೆಳು, ಕೆಲವು ದಪ್ಪ. ಒಂದು ಕಾರ್ಡು ದಪ್ಪಗಿದ್ದರೆ ಯಾರಿಗೂ ಸಂಶಯ ಬಂದಿರಲಿಲ್ಲ. ಬೇಕರಿಯಿಂದ ಊಟಕ್ಕೆ ಬಂದ ಜಯಶೀಲ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಅಂಚನ್ನು ನಾಲಗೆಗೆ ತಾಗಿಸಿ ನೋಡಿದರು. “ಬೆಲ್ಲದ ಪಾಕ,” ಎಂದರು. ಇನ್ನೊಮ್ಮೆ ನೆಕ್ಕಿದರು. “ಶೇಂಗಾದುಂಡೀದು. ಸ್ವಲ್ಪ ಏಲಕ್ಕಿ ಕಡಿಮಿ ಆಗಿತ್ತು ಆ ಸಲ.”

ನಾನು ನೆಲದ ಮೇಲೆ ಕುಳಿತು ನಗತೊಡಗಿದೆ. ಎಷ್ಟು ನಕ್ಕೆನೆಂದರೆ ಕೊನೆಗೆ ಅವರೇ ಗಂಜಿ ತಂದು ಮಗಳಿಗೆ ಕುಡಿಸಬೇಕಾಯಿತು. ಉಂಡಿ ಕಟ್ಟಿದ ಕೈಯಲ್ಲೇ ಕಾರ್ಡು ಮುಟ್ಟಿದ್ದೆ. ಎರಡೂ ಅಂಟಿಕೊಂಡು ಒಂದೇ ಆಗಿ ಪೆಟ್ಟಿಗೆ ಸೇರಿದ್ದವು.

ಸಂಜೆ ಸಮಿತಿ ಸೇರಿತು. ಸೋಂಕಿನ ಮನೆಯಾದ್ದರಿಂದ ಅಜ್ಜ, ಟೀಚರ್, ಅಯ್ಯನವರು ಮೂವರೂ ಅಂಗಳದಲ್ಲಿ ಸ್ಟೂಲು ಹಾಕಿಕೊಂಡು, ಟೀಚರ್ ಸೆರಗು ಮೂಗಿಗೆ ಹಿಡಿದು, ಕಿಟಕಿಯ ಮೂಲಕವೇ ಕಾರ್ಡು ಈಸಿಕೊಂಡು ನೋಡಿದರು.

“ನಾ ಮೊದಲ ಹೇಳಿದ್ದೆ,” ಎಂದರು ದೇವಪುತ್ರಪ್ಪಜ್ಜ. “ಮ್ಯಾಲಿಂದು ಆತಂದು, ಕೆಳಗಿಂದು ಹುಡುಗಿದು. ಮ್ಯಾಲಿಂದು ಈಕಿಗೆ ನಡೆದ ಇಲ್ಲ.”

“ನಡೆದಿಲ್ಲ ಅಂದ್ರ ಹ್ಯಾಂಗ್ರಿ? ಕೂಸು ಒಬ್ಬಾಕಿನ ಕೂತಿಲ್ಲ? ಮಾರಿ ಊದಿಲ್ಲ?”

“ಈ ತಿಂಗಳ ಊರಾಗ ಮತ್ತ ಹದಿಮೂರು ಹುಡುಗರಿಗೆ ಮಂಗನಬಾವು ಐತಿ ಟೀಚರ್. ನಿಮ್ಮ ಸಲೋಮಿಗೂ ಇವತ್ತ ಬೆಳಿಗ್ಗಿಂದ ಐತಿ. ಅವರಿಗೆಲ್ಲ ಯಾವ ಕಾರ್ಡ್ ಬಂದಿತ್ತು?”

ಟೀಚರ್ ಸೆರಗು ಮೂಗಿನಿಂದ ತೆಗೆದರು. “ಅದ ನಾ ಹೇಳೂದು. ಆ ಮಾತು ಎಲ್ಲಾರಿಗೂ ನಡೀತೈತಿ, ಕಾರ್ಡ್ ಬೇಕಾಗೇ ಇಲ್ಲ.”

“ಹಂಗಾದ್ರ ಅದು ಆತನ ಮಾತು ಹ್ಯಾಂಗಾತು?”

ಇಬ್ಬರೂ ಅಯ್ಯನವರ ಕಡೆಗೆ ನೋಡಿದರು. ಅವರು ಕಾರ್ಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. “ನಮಗೆಲ್ಲಾ ಬರೂದು ಆತ ತಾನ ಬೇಕಂತ ತಗೊಂಡ. ಅದಕ್ಕ ಆತನ ಮಾತು ಆತ್ರಿ ಅಜ್ಜಾರ. ನಮಗ್ಯಾರಿಗೂ ಬರದ ನೋವಾಗಿದ್ರ ಆತ ಹೊತ್ತು ನಮಗೇನ್ ಲಾಭ?” ಎಂದರು. ಆಮೇಲೆ ತಾವೇ ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಹೆದರಿದವರಂತೆ, “ಅಂತ ನನಗ ಅನಸ್ತೈತಿ,” ಎಂದು ಸೇರಿಸಿದರು.

ದೇವಪುತ್ರಪ್ಪಜ್ಜ ಸ್ಟೂಲು ಮುಂದೆ ಎಳೆದುಕೊಂಡು, “ಟೀಚರ್, ಹಂಗಾದ್ರ ಅರ್ಧ ತುಂಬಿತ್ತು ಅಂದಿರಲ್ಲ, ಅದು…” ಎಂದು ಶುರು ಮಾಡಿ, “ಇರಲಿ ಬಿಡ್ರಿ,” ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದೆಂದು ಟೀಚರ್ ಮುಂದೆ ಕೆದಕಲಿಲ್ಲ. ಎರಡು ಕಾರ್ಡನ್ನೂ ಬೇರ್ಪಡಿಸಿ, ಡಿಸೆಂಬರಿನಲ್ಲಿ ಒಂದನ್ನು ಡಬ್ಬಿಗೂ ಒಂದನ್ನು ಪೆಟ್ಟಿಗೆಗೂ ಹಾಕಬೇಕೆಂದು ತೀರ್ಮಾನವಾಯಿತು. ಪಾಕ ಕಾಯಿಸುವ ದಿನ ಕಾರ್ಡು ಮುಟ್ಟಬಾರದೆಂದು ನನಗೆ ಎಚ್ಚರಿಕೆಯೂ ಬರೆದುಕೊಟ್ಟರು.

ತಬಿತಾಳ ಕೆನ್ನೆ ಒಂಬತ್ತನೆಯ ದಿನಕ್ಕೆ ಇಳಿಯಿತು. ಸಲೋಮಿಯದು ಆಗ ಪೂರ್ತಿ ಊದಿತ್ತು. ಅವಳ ಮನೆಗೆ ಯಾವ ಮಕ್ಕಳೂ ಹೋಗುವಂತಿರಲಿಲ್ಲ, ಮಂಗನಬಾವು ಒಮ್ಮೆ ಬಂದು ಹೋದವರನ್ನು ಬಿಟ್ಟು. ತಬಿತಾ ಉಪ್ಪಿನ ಗಂಟು ಹಿಡಿದು ಹೊರಟಳು. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಸಲೋಮಿ ಅಭ್ಯಾಸದಂತೆ ಆ ಕಡೆ ಕತ್ತು ತಿರುಗಿಸಲು ಹೋದಳು, ಊತಕ್ಕೆ ಕತ್ತು ತಿರುಗಲಿಲ್ಲ.

“ತಿರಗಂಗಿಲ್ಲ ಅದು, ನಂಗೊತ್ತು,” ಎಂದು ತಬಿತಾ ಹಾಸಿಗೆಯ ಅಂಚಿನಲ್ಲಿ ಕುಳಿತಳು. “ಗಂಜಿ ಒಮ್ಮೆಲೆ ನುಂಗಬ್ಯಾಡ, ಬಾಯಾಗ ಒಂದ ಕಡೆ ಇಟ್ಕೊಂಡು ಕುಡಿ. ನಾಳಿ ಇನ್ನೂ ನೋವಾಗ್ತೈತಿ. ನಾಡದ ಕಡಿಮಿ.”

“ಹೋಗ,” ಎಂದಳು ಸಲೋಮಿ, ಬಾಯಿ ತೆರೆಯಲಾಗದೆ. ಸ್ವಲ್ಪ ಹೊತ್ತಿಗೆ, “ನಾಡದ ಖರೇನ?” ಎಂದು ಕೇಳಿದಳು. ಮಂಗನಬಾವಿನಲ್ಲಿ ಮೊದಲಿಗಳು ತಬಿತಾ ಆಗಿದ್ದಳು, ಈ ಸಲ ಸಲೋಮಿ ಅದಕ್ಕೆ ತಕರಾರು ಮಾಡಲಿಲ್ಲ. ಹದಿಮೂರು ಮನೆಗೂ ನನ್ನ ಮಗಳು ಉಪ್ಪಿನ ಗಂಟು ಹೊತ್ತು ತಿರುಗಿದಳು. ಅಕ್ಟೋಬರಿನಲ್ಲಿ ಖೊ ಖೊ ಆಡುವಾಗ ಮೊದಲ ಸುತ್ತಿನಲ್ಲೇ ಅವಳನ್ನು ಔಟ್ ಮಾಡಿ ಎಲ್ಲರೂ ಕೇಕೆ ಹಾಕಿದರು. ಮನೆಗೆ ಬಂದು ಅದನ್ನು ಮೂರು ಸಲ ಹೇಳಿದಳು, ಬಹುಮಾನ ಬಂದವರ ಹಾಗೆ.

ಈಗ ಮತ್ತೆ ಡಿಸೆಂಬರ್. ಇವತ್ತು ಬೆಳಿಗ್ಗೆ ಪಾಕ ಕಾಯಿಸಿ ಉಂಡಿ ಕಟ್ಟುತ್ತಿದ್ದೆ. ಕಾರ್ಡುಗಳನ್ನು ಎಚ್ಚರಿಕೆಯ ಪ್ರಕಾರ ದೂರ, ಹೊಲಿಗೆ ಯಂತ್ರದ ಮೇಲೆ ಇಟ್ಟಿದ್ದೆ. ತಿರುಗಿ ನೋಡಿದರೆ ತಬಿತಾ ಅಲ್ಲಿ ಕುಳಿತು, ತನ್ನ ಎರಡು ಕಾರ್ಡು ಮುಂದಿಟ್ಟುಕೊಂಡು, ಬಟ್ಟಲಲ್ಲಿ ಒಯ್ದ ಪಾಕವನ್ನು ಬೆರಳಿನಲ್ಲಿ ತೆಗೆದು ಒಂದರ ಬೆನ್ನಿಗೆ ಹಚ್ಚುತ್ತಿದ್ದಳು.

“ಏ! ಏನ್ ಮಾಡಾಕತ್ತಿ? ಬ್ಯಾರೆ ಬ್ಯಾರೆ ಇಡ್ರಿ ಅಂತ ಅಜ್ಜಾರು ಹೇಳಿಲ್ಲ?”

“ಪೆಟ್ಟಿಗ್ಯಾಗ ಹಾಕೂದಿಲ್ಲವ್ವಾ. ಎರಡೂ ಕೂಡಿಸಿ ಆತನ ಡಬ್ಬ್ಯಾಗ ಇಡ್ತೀನಿ.”

“ಸಂತೈಸೂದು ನಿಂದಲ್ಲೇನು? ಅದು ನಮ್ಮ ಪೆಟ್ಟಿಗಿದು.”

“ನಂದು ನಡೀತಲ್ಲ.” ಅವಳು ತಲೆ ಎತ್ತಲಿಲ್ಲ. ನಾಲಗೆ ಹೊರಗೆ ಚಾಚಿ, ಅಂಚಿಗೆ ಅಂಚು ಸೇರಿಸುತ್ತಿದ್ದಳು. “ಆತನ ಡಬ್ಬ್ಯಾಗ ನೋಡಿದೆ, ಎಷ್ಟೊಂದ್ ನೋವಿನ ಕಾರ್ಡ್ ಅದಾವ. ಜ್ವರ ಬಂದಾಗ ನಂಗ ನೀ ಇದ್ದಿ. ಆತಂಗೂ ಅವ್ವ ಇದ್ಲಲ್ಲ?”

ಬಾಣಲೆಯಲ್ಲಿ ಪಾಕ ಗಟ್ಟಿಯಾಗುತ್ತಿತ್ತು. ಸಮಿತಿಯವರು ಸಂಜೆ ನಾಲ್ಕಕ್ಕೆ ಬರುತ್ತಾರೆ, ನಲವತ್ತನಾಲ್ಕೂ ಎಣಿಸುತ್ತಾರೆ, ಒಂದು ದಪ್ಪಗಿದ್ದರೆ ಮದುವೆ ಕಾಗದ ದಪ್ಪದ್ದು ಎಂದರಾಯಿತು. ಪೆಟ್ಟಿಗೆಗೆ ಸಂತೈಸುವ ಕಾರ್ಡು ಇನ್ನೊಂದು ಬರೆದರಾಯಿತು.

“ಅಷ್ಟ ಯಾಕ ಬಳೀತಿ? ಸ್ವಲ್ಪ ಕಡಿಮಿ ಹಚ್ಚು,” ಎಂದೆ. “ಇರುವಿ ಬರ್ತಾವ.”